ಪರೀಕ್ಷೆಗೇ ಪರೀಕ್ಷೆ

ಬಾದಾಮಿಯ ಮೂರನೆಯ ಗುಹೆಗೆ ಹೋದವರು ಅಲ್ಲಿಯ ಭವ್ಯಮೂರ್ತಿಗಳನ್ನು ನೋಡಿ ಬೆರಗಾಗುತ್ತಾರೆ. ಇತಿಹಾಸವನ್ನು ಬಲ್ಲವರು ಮಾತ್ರ ಅಲ್ಲಿಯ ಒಂದು ಶಾಸನದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಚಾಲುಕ್ಯ ಮಂಗಲೇಶನು ಆ ಗುಹಾಲಯವನ್ನು ಮಾಡಿಸಿದ ಕಾಲ ಶಕವರ್ಷ 500, ಅಂದರೆ ಕ್ರಿ.ಶ. 578, ಎಂದು ಅದರಲ್ಲಿ ಸ್ಪಷ್ಟವಾಗಿ ಕೊರೆದಿದೆ. ಈ ಸಾಕ್ಷ್ಯವನ್ನು ಎಲ್ಲರೂ ಒಪ್ಪುವುದಕ್ಕೆ ಕಾರಣವಿದೆ. ಬಂಡೆ ಇದ್ದಲ್ಲಿಯೇ ಇದೆ. ಓದಲು ಬಲ್ಲವರು ಯಾರು ಬೇಕಾದರೂ ಮತ್ತೆ ಹೋಗಿ ಓದಿ ನೋಡಬಹುದು. ತಾಮ್ರಪಟಗಳ ಕಥೆ ಹಾಗಲ್ಲ. ಅವು ಕೈಯಿಂದ ಕೈಗೆ, ಊರಿಂದ ಊರಿಗೆ ಸಾಗಿಬಂದವು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದುಕೊಂಡು ಕನ್ನಡ ನಾಡಿನ ಶಾಸನಗಳನ್ನು ಓದಿದ ಜೆ. ಎಫ್. ಫ್ಲೀಟರು ಅಂಥ ಎಷ್ಟೋ ಪಟಗಳು ಕೂಟವೆಂದು ತೋರಿಸಿದರು. 1901ರಲ್ಲಿ ಕೂಟಶಾಸನಗಳದೇ ಒಂದು ಪಟ್ಟಿಯನ್ನು ಪ್ರಕಟಿಸಿದರು. ಹೇಳುವ ಕಾಲ ಒಂದು, ಅಕ್ಷರದ ಕಾಲ ಇನ್ನೊಂದು. ಹೇಳುವ ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲ. ಇಂಥ ಗುರುತುಗಳಿಂದ ಸುಳ್ಳು ಸಾಕ್ಷಿ ಬಯಲಾಗುತ್ತಿತ್ತು.

ವೈದ್ಯರ ಕೈಗೆ ಬರುವ ರೋಗಪರೀಕ್ಷೆಯೂ ಒಂದು ಸಾಕ್ಷಿಯೇ. ರಕ್ತ, ಬೆನ್ನುಹುರಿಯ ನೀರು, ಮಿದುಳಿನ ಚಿತ್ರ ಇವು ತಾವಾಗಿ ಮಾತನಾಡುವುದಿಲ್ಲ. ಪರೀಕ್ಷೆ ಅವುಗಳ ಪರವಾಗಿ ಮಾತನಾಡುತ್ತದೆ. ಆ ಮಾತು ಎಷ್ಟು ನಂಬಿಕೆಯದು, ಅದನ್ನು ಯಾರು, ಹೇಗೆ ಒರೆಗೆ ಹಚ್ಚಿದರು ಎಂಬುದಕ್ಕೂ ಒಂದು ಇತಿಹಾಸವಿದೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗದ ವಿಷಯದಲ್ಲಿ ಆ ಇತಿಹಾಸ ಬಹಳ ಬೋಧಪ್ರದವಾಗಿದೆ. ವೈದ್ಯರು ಇದನ್ನು ಚಿಕ್ಕದಾಗಿ ಎಂ.ಎಸ್. ಎನ್ನುವುದರಿಂದ ನಾವೂ ಹಾಗೆಯೇ ಕರೆಯೋಣ.

ಮೊದಲು ರೋಗದ ಪರಿಚಯ. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇದೆ. ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿಯ ಈ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುವುದೇ ಈ ರೋಗ. ಹೆಚ್ಚಾಗಿ 20ರಿಂದ 40 ವಯಸ್ಸಿನವರಿಗೆ, ಅದರಲ್ಲಿಯೂ ಹೆಂಗಸರಿಗೆ, ತಗಲುತ್ತದೆ. ಒಂದು ಸಲ ಕಣ್ಣು ಮಂಜಾಗುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ವರ್ಷ ಕಳೆದ ಮೇಲೆ ಕಾಲು ಜೋಮು ಹಿಡಿಯುತ್ತದೆ, ಇಲ್ಲವೆ ಕೈ ಸ್ವಾಧೀನ ತಪ್ಪುತ್ತದೆ. ಇಳಕಲ್ಲಿನ ಮಗ್ಗದ ಮುಂದೆ ಕುಳಿತ ನೇಕಾರನ ಬೆರಳುಗಳಿಗೆ ನೂಲಿನ ಸ್ಪರ್ಶ ತಿಳಿಯದೆ ಹೋದರೆ ಅವನ ಅನ್ನವೇ ಹೋದಂತೆ. ಬಂದು ಹೋಗುವ, ಜಾಗ ಬದಲಿಸುವ ಈ ಸ್ವಭಾವದಿಂದಲೇ ರೋಗವನ್ನು ಗುರುತಿಸುವುದು ಕಷ್ಟ. ಇಂದಿಗೂ ‘ಇದೇ ಎಂ.ಎಸ್.’ ಎಂದು ಏಕಾಕಿಯಾಗಿ ಹೇಳಬಲ್ಲ ಒಂದೇ ಒಂದು ಪರೀಕ್ಷೆ ಇಲ್ಲ. ಇತಿಹಾಸದುದ್ದಕ್ಕೂ ಜನ ಹುಡುಕಿದ್ದು ಅದನ್ನೇ, ಎಡವಿದ್ದೂ ಅಲ್ಲಿಯೇ.

ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಈ ರೋಗಕ್ಕೆ ಸ್ಪಷ್ಟವಾದ ರೂಪ ಕೊಟ್ಟನು. ಕಣ್ಣುಗುಡ್ಡೆಯ ಅದಿರು, ವಸ್ತುವಿನ ಕಡೆಗೆ ಕೈ ಚಾಚಿದಾಗ ಹೆಚ್ಚುವ ನಡುಕ, ತುಂಡುತುಂಡಾದ ಮಾತು ಎಂಬ ಮೂರು ಲಕ್ಷಣಗಳನ್ನು ಅವನು ಎತ್ತಿ ಹೇಳಿದನು. ಬಹಳ ಕಾಲ ವೈದ್ಯವಿದ್ಯಾರ್ಥಿಗಳು ಈ ತ್ರಯವನ್ನು ಬಾಯಿಪಾಠ ಮಾಡಿದರು. ಆದರೆ ಮೂರೂ ಇರುವ ರೋಗಿಗಳು ಕಡಿಮೆ. ಈ ಲಕ್ಷಣಗಳು ಬೇರೆ ರೋಗಗಳಲ್ಲಿಯೂ ಕಾಣುತ್ತವೆ. ರೋಗ ಬಲಿತವರಲ್ಲಿ ಚೆನ್ನಾಗಿ ಕಾಣುವ ಗುರುತು ಅದರ ಆರಂಭದಲ್ಲಿ ಉಪಯೋಗಕ್ಕೆ ಬಾರದು ಎಂಬ ಪಾಠ ಆಗಲೇ ಕಣ್ಣಮುಂದೆ ಇತ್ತು.

1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಇಂಥ ರೋಗಿಗಳ ದೃಷ್ಟಿ ಶ್ರಮವಾದಾಗ ಕೆಲಹೊತ್ತು ಮಂಜಾಗುವುದನ್ನು ಬರೆದಿಟ್ಟನು. ಮೈಯ ಕಾವು ಏರುವುದೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಹೊದಿಕೆ ಸವೆದ ನರದಲ್ಲಿ ಸಂಕೇತ ಸಾಗುವುದೇ ಕಷ್ಟ. ಕಾವು ಏರಿದರೆ ಅದು ನಿಂತೇಹೋಗುತ್ತದೆ. ಇದರಿಂದ ‘ಬಿಸಿನೀರಿನ ಪರೀಕ್ಷೆ’ ಹುಟ್ಟಿತು. ಸಂಶಯವಿದ್ದ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕಣ್ಣು ಮಂಜಾಯಿತೇ, ಕಾಲು ಸೋತಿತೇ ಎಂದು ನೋಡುವುದು. ದಶಕಗಳ ಕಾಲ ಇದು ನಡೆಯಿತು. ಬೇರೆ ನರರೋಗಗಳಿದ್ದವರೂ ಕಾವಿಗೆ ಸೋಲುವುದುಂಟು, ಎಂ.ಎಸ್. ಇದ್ದ ಕೆಲವರು ಸೋಲದಿರುವುದೂ ಉಂಟು. ಮೇಲಾಗಿ, ಪರೀಕ್ಷೆಯಿಂದ ಬಂದ ದೌರ್ಬಲ್ಯ ಹಿಂದಿರುಗದೆ ಉಳಿದ ಪ್ರಕರಣಗಳು 1983ರಲ್ಲಿ ಅಮೇರಿಕದಿಂದ ವರದಿಯಾದವು. ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದ ಮೇಲೆ ಈ ತೊಟ್ಟಿಗೆ ಬಿಡುವು ಸಿಕ್ಕಿತು.

ನಮ್ಮ ಕಡೆಯ ಜನರಿಗೆ ಈ ಸಂಗತಿ ಬರಿಯ ಇತಿಹಾಸವಲ್ಲ. ಬಾಗಲಕೋಟೆ, ಹುನಗುಂದಗಳ ಚೈತ್ರ-ವೈಶಾಖದ ಬಿಸಿಲೇ ಒಂದು ಬಿಸಿನೀರಿನ ತೊಟ್ಟಿ. ಈ ರೋಗವಿದ್ದವರು ಮಧ್ಯಾಹ್ನ ಹೊರಗೆ ತಿರುಗಿ ಬಂದು ಕಾಲು ಎತ್ತಿಡಲಾರದೆ ಕುಳಿತರೆ ಮನೆಯವರು ಗಾಬರಿಯಾಗುತ್ತಾರೆ. ನೆರಳಿನಲ್ಲಿ ತಣಿದು, ನೀರು ಕುಡಿದು ಕುಳಿತ ಮೇಲೆ ಮೊದಲಿನಂತಾದರೆ ಅದು ಕಾವಿನ ಆಟ, ಹೊಸ ಆಘಾತವಲ್ಲ. ಒಂದು ದಿನಕ್ಕೂ ಮೀರಿ ಹಾಗೆಯೇ ಉಳಿದರೆ ವೈದ್ಯರನ್ನು ಕಾಣಲೇಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರೀಕ್ಷೆಯ ಕಣ್ಣು ಬೆನ್ನುಹುರಿಯ ನೀರಿನ ಮೇಲೆ ಬಿತ್ತು. 1912ರಲ್ಲಿ ಕಾರ್ಲ್ ಲಾಂಗೆ ಎಂಬ ಜರ್ಮನ್ ವೈದ್ಯ, ಚಿನ್ನದ ಅತಿಸೂಕ್ಷ್ಮ ಕಣಗಳಿರುವ ದ್ರಾವಣಕ್ಕೆ ಈ ನೀರನ್ನು ಬೆರೆಸಿ ಬಣ್ಣದ ಬದಲಾವಣೆ ನೋಡುವ ವಿಧಾನವನ್ನು ತಂದನು. ಅವನ ಉದ್ದೇಶ ಮಿದುಳಿಗೇರಿದ ಉಪದಂಶ ರೋಗವನ್ನು ಹಿಡಿಯುವುದು. ಆದರೆ ಎಂ.ಎಸ್. ಇದ್ದ ಅನೇಕರಲ್ಲಿಯೂ ಬಣ್ಣ ಅದೇ ರೀತಿ ಬದಲಾಯಿತು! ಎರಡು ಬೇರೆ ರೋಗಗಳಿಗೆ ಒಂದೇ ಉತ್ತರ ಕೊಡುವ ಸಾಕ್ಷಿಯನ್ನು ನ್ಯಾಯಾಧೀಶನು ಹೇಗೆ ನಂಬಬೇಕು?

ಇನ್ನು 1930ರ ಪ್ರಕರಣ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯಲ್ಲಿ ಕ್ಯಾಥ್ಲೀನ್ ಶೆವಾಸು ಎಂಬ ಸಂಶೋಧಕಿ ಎಂ.ಎಸ್. ರೋಗಿಗಳ ಬೆನ್ನುಹುರಿಯ ನೀರನ್ನು ಪೋಷಕದ್ರವದಲ್ಲಿ ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ಅತಿ ಸಣ್ಣ ಗೋಲಗಳನ್ನು ಕಂಡುದಾಗಿ ಹೇಳಿದರು. ಇವೇ ರೋಗದ ಜೀವಾಣುಗಳೆಂದು ತಿಳಿದು ‘ಸ್ಫೆರ್ಯುಲಾ ಇನ್ಸುಲಾರಿಸ್’ ಎಂದು ಹೆಸರಿಟ್ಟದ್ದಾಯಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಇವು ಸಿಕ್ಕಿದವೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆನ್ನಿಗೆ ನಿಂತವರು ಸರ್ ಜೇಮ್ಸ್ ಪರ್ವ್ಸ್-ಸ್ಟೂಅರ್ಟ್. ಅವರೇನು ಸಾಮಾನ್ಯರಲ್ಲ, ನರರೋಗಗಳ ನಿದಾನವನ್ನು ಕುರಿತು ಹೆಸರಾಂತ ಗ್ರಂಥವನ್ನು ಬರೆದವರು. ಅವರು ಈ ಜೀವಾಣುವಿನಿಂದ ಲಸಿಕೆಯನ್ನೂ ಮಾಡಿಸಿ ರೋಗಿಗಳಿಗೆ ಕೊಡಲು ತೊಡಗಿದರು. ರೋಗದ ಕಾರಣ, ಅದನ್ನು ಹಿಡಿಯುವ ಪರೀಕ್ಷೆ, ಅದಕ್ಕೆ ಮದ್ದು, ಮೂರೂ ಒಮ್ಮೆಗೇ ಸಿಕ್ಕಂತಾಯಿತು. ಹಾಸಿಗೆ ಹಿಡಿದವರ ಮನೆಗಳಲ್ಲಿ ಎಂಥ ಆಸೆ ಹುಟ್ಟಿರಬಹುದೆಂಬುದನ್ನು ಊಹಿಸಿಕೊಳ್ಳಿರಿ.

ಅದೇ ಲಂಡನ್ನಿನ ಇನ್ನೊಬ್ಬ ನರರೋಗತಜ್ಞ ಆರ್ನಲ್ಡ್ ಕಾರ್‌ಮೈಕೇಲ್ ಅದನ್ನು ಸುಮ್ಮನೆ ಒಪ್ಪಲಿಲ್ಲ, ಸುಮ್ಮನೆ ಅಲ್ಲಗಳೆಯಲೂ ಇಲ್ಲ. ಅದೇ ಕೆಲಸವನ್ನು ಮತ್ತೆ ಮಾಡಿ ನೋಡಿದನು. ಹೇಳಿದ್ದು ಸಿಗಲಿಲ್ಲ. 1931ರಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಸಭೆಯ ಮುಂದೆ ಅವನು ತನ್ನ ಆಕ್ಷೇಪಣೆಗಳನ್ನಿಟ್ಟನು. ಬೇರೆಯವರ ಕೈಗೂ ಆ ಗೋಲಗಳು ರೋಗದ ಗುರುತಾಗಿ ದಕ್ಕಲಿಲ್ಲ. ವರ್ಷ ಒಂದೆರಡರಲ್ಲಿ ‘ಸ್ಫೆರ್ಯುಲಾ’ ವೈದ್ಯಶಾಸ್ತ್ರದಿಂದ ಮರೆಯಾಯಿತು. ಇದರಿಂದ ತಿಳಿಯುವುದೇನು? ದೊಡ್ಡವರು ಹೇಳಿದರು, ಹೆಸರಾಂತ ಪತ್ರಿಕೆಯಲ್ಲಿ ಬಂತು, ನೂರಕ್ಕೆ ತೊಂಬತ್ತು ಸರಿಯಾಯಿತು ಎಂಬ ಮೂರು ಮಾತುಗಳೂ ಸೇರಿದರೂ ಒಂದು ಪರೀಕ್ಷೆ ನಿಜವಾಗಲಾರದು. ಬೇರೊಬ್ಬನು, ಬೇರೊಂದು ಕಡೆ, ಅದೇ ರೀತಿ ಮಾಡಿದಾಗ ಅದೇ ಉತ್ತರ ಬಂದರೆ ಮಾತ್ರ ನಿಜ.

ಪಾಠವೇನೋ ಸಿಕ್ಕಿತು, ಆದರೆ ಕಲಿತದ್ದು ಕಡಿಮೆ. 1970ರ ದಶಕದಲ್ಲಿ ಇಂಗ್ಲೆಂಡಿನ ಇ. ಜೆ. ಫೀಲ್ಡ್ ಎಂಬ ವಿಜ್ಞಾನಿ ವಿದ್ಯುತ್‌ಕ್ಷೇತ್ರದಲ್ಲಿ ಜೀವಕೋಶಗಳು ಸಾಗುವ ವೇಗವನ್ನು ಅಳೆದು, ರಕ್ತದಿಂದಲೇ ಎಂ.ಎಸ್. ಅನ್ನು ಹೇಳಬಹುದೆಂದನು. ರೋಗ ಇನ್ನೂ ಕಾಣದ ಮಕ್ಕಳಲ್ಲಿಯೂ ಮುಂದಿನ ಅಪಾಯವನ್ನು ಗುರುತಿಸಬಹುದೆಂಬವರೆಗೆ ಮಾತು ಹೋಯಿತು. ಬೇರೆ ಪ್ರಯೋಗಾಲಯಗಳಲ್ಲಿ ಅದು ಸ್ಥಿರವಾಗಿ ಬರಲಿಲ್ಲ. ಆಡುತ್ತಿರುವ ಮಗುವಿನ ಹಣೆಗೆ ರೋಗದ ಚೀಟಿ ಅಂಟಿಸುವ ಮುಂಚೆ ಅಂಥ ಪರೀಕ್ಷೆಯನ್ನು ಎಷ್ಟು ಸಲ ಒರೆಗೆ ಹಚ್ಚಬೇಕು ಎಂಬುದನ್ನು ತಾಯಿತಂದೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆಯ ಯೋಗ್ಯತೆಯನ್ನು ಅಂಕಿಗಳಿಂದ ಅಳೆಯುವ ವಿದ್ಯೆ ಬೆಳೆದದ್ದು ಇನ್ನೊಂದು ರೋಗದಿಂದ. 1947ರಲ್ಲಿ ಅಮೇರಿಕದಲ್ಲಿ ಕ್ಷಯರೋಗವನ್ನು ಹುಡುಕಲು ಎದೆಯ ಎಕ್ಸ್-ರೇಗಳನ್ನು ಅನುಭವಿಗಳ ಮುಂದಿಟ್ಟಾಗ, ಒಬ್ಬರ ಓದು ಇನ್ನೊಬ್ಬರ ಓದಿಗೆ ಹೊಂದಲಿಲ್ಲ. ಅಷ್ಟೇ ಅಲ್ಲ, ಒಬ್ಬನೇ ವೈದ್ಯ ಅದೇ ಚಿತ್ರವನ್ನು ಎರಡನೆಯ ಸಲ ನೋಡಿದಾಗ ತನ್ನ ಮೊದಲಿನ ಮಾತಿಗೇ ವಿರುದ್ಧವಾಗಿ ಹೇಳಿದ್ದೂ ಉಂಟು. ಆ ವರ್ಷವೇ ಜೇಕಬ್ ಯರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞನು ಪರೀಕ್ಷೆಗೆ ಎರಡು ಗುಣಗಳನ್ನು ಬೇರೆಬೇರೆಯಾಗಿ ಅಳೆಯಬೇಕೆಂದನು. ಒಂದು, ರೋಗವಿದ್ದವರನ್ನು ಹಿಡಿಯುವ ಗುಣ. ಇನ್ನೊಂದು, ರೋಗವಿಲ್ಲದವರನ್ನು ಬಿಡುವ ಗುಣ. ಬಲೆಯ ಕಣ್ಣು ಸಣ್ಣದಾದರೆ ಮೀನಿನ ಜೊತೆಗೆ ಕಸವೂ ಬರುತ್ತದೆ. ದೊಡ್ಡದಾದರೆ ಕಸದ ಜೊತೆಗೆ ಮೀನೂ ಹೋಗುತ್ತದೆ.

ಈ ಎರಡು ಗುಣಗಳೂ ಚೆನ್ನಾಗಿದ್ದರೆ ಸಾಕೇ? ಸಾಲದು. ನಮ್ಮ ಜಿಲ್ಲೆಯನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18,89,752. ಮುಂದೆ ಹೇಳಲಿರುವ ಮಂಗಳೂರಿನ ಪ್ರಮಾಣದಂತೆ, ಲಕ್ಷಕ್ಕೆ 8 ಜನರಿಗೆ ಎಂ.ಎಸ್. ಇದೆಯೆಂದು ಲೆಕ್ಕಕ್ಕಾಗಿ ಹಿಡಿದರೆ ಜಿಲ್ಲೆಯಲ್ಲಿ ಸುಮಾರು 150 ಜನ. ರೋಗವಿದ್ದ ನೂರರಲ್ಲಿ 95 ಜನರನ್ನು ಹಿಡಿಯುವ, ಇಲ್ಲದ ನೂರರಲ್ಲಿ 95 ಜನರನ್ನು ಬಿಡುವ ಒಂದು ರಕ್ತಪರೀಕ್ಷೆಯನ್ನು ಎಲ್ಲರಿಗೂ ಮಾಡಿದೆವೆನ್ನಿ. ನಿಜವಾದ ರೋಗಿಗಳಲ್ಲಿ ಸುಮಾರು 143 ಜನ ಸಿಕ್ಕುತ್ತಾರೆ. ಅವರ ಜೊತೆಗೆ, ರೋಗವಿಲ್ಲದ 94,000ಕ್ಕೂ ಹೆಚ್ಚು ಜನರಿಗೂ ‘ರೋಗವಿದೆ’ ಎಂಬ ಚೀಟಿ ಸಿಗುತ್ತದೆ. ಚೀಟಿ ಸಿಕ್ಕ 660 ಜನರಲ್ಲಿ ಒಬ್ಬರಿಗೆ ಮಾತ್ರ ರೋಗ! ಅದೇ ಪರೀಕ್ಷೆಯನ್ನು ನರರೋಗತಜ್ಞರು ಸರಿಯಾಗಿ ವಿಚಾರಿಸಿ ಆರಿಸಿದ 200 ಜನರಿಗೆ ಮಾಡಿದರೆ, ಅವರಲ್ಲಿ ಅರ್ಧದಷ್ಟು ಜನರಿಗೆ ರೋಗವಿದ್ದ ಪಕ್ಷದಲ್ಲಿ, ಚೀಟಿ ಸಿಕ್ಕ ಇಪ್ಪತ್ತರಲ್ಲಿ ಹತ್ತೊಂಬತ್ತು ನಿಜವಾಗುತ್ತದೆ. ಪರೀಕ್ಷೆ ಒಂದೇ; ಯಾರಿಗೆ ಮಾಡಿದರು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ‘ಸುಮ್ಮನೆ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿಬಿಡೋಣ’ ಎನ್ನುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಇನ್ನೊಂದು ಮೋಸ ಸಂಶೋಧನೆಯ ರೀತಿಯಲ್ಲಿಯೇ ಅಡಗಿರುತ್ತದೆ. ಒಂದು ಪಂಕ್ತಿಯಲ್ಲಿ ರೋಗ ಬಲಿತು ನಿಶ್ಚಯವಾದವರು, ಇನ್ನೊಂದು ಪಂಕ್ತಿಯಲ್ಲಿ ಆರೋಗ್ಯವಂತ ತರುಣರು. ಇವರಿಬ್ಬರನ್ನು ಬೇರ್ಪಡಿಸುವುದು ಯಾವ ಪರೀಕ್ಷೆಗೂ ಸುಲಭ. ಆದರೆ ವೈದ್ಯರ ಬಾಗಿಲಿಗೆ ಬರುವವರು ಈ ಎರಡರ ನಡುವಿನವರು. 1978ರಲ್ಲಿ ರಾನ್ಸಾಫ್ ಮತ್ತು ಫೈನ್‌ಸ್ಟೈನ್ ಎಂಬವರು ಈ ದೋಷವನ್ನು ಬಿಡಿಸಿ ತೋರಿಸಿದರು. 1999ರಲ್ಲಿ ನೆದರ್‌ಲೆಂಡಿನ ಸಂಶೋಧಕರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ಎರಡು ತುದಿಯವರನ್ನು ಆರಿಸಿಕೊಂಡ ಅಧ್ಯಯನಗಳು ಪರೀಕ್ಷೆಯ ಗುಣವನ್ನು ಬಹಳ ಹಿಗ್ಗಿಸಿ ಹೇಳುತ್ತವೆಂದು ಕಂಡಿತು. ಅದರ ಫಲವಾಗಿ 2003ರಲ್ಲಿ ‘ಸ್ಟಾರ್ಡ್’ ಎಂಬ ನಿಯಮಾವಳಿ ಬಂತು. 2015ರಲ್ಲಿ ಅದು ಪರಿಷ್ಕೃತವಾಯಿತು. ರೋಗಿಗಳನ್ನು ಹೇಗೆ ಆರಿಸಿದಿರಿ, ಪರೀಕ್ಷೆ ಓದಿದವರಿಗೆ ರೋಗಿಯ ಸ್ಥಿತಿ ಮೊದಲೇ ತಿಳಿದಿತ್ತೇ, ಉತ್ತರ ಸಿಗದವರ ಲೆಕ್ಕ ಎಲ್ಲಿ ಹೋಯಿತು ಎಂಬ ಪ್ರಶ್ನೆಗಳಿಗೆ ಸಂಶೋಧಕರು ಬರೆದು ಉತ್ತರ ಕೊಡಬೇಕೆಂಬುದೇ ಅದರ ಸಾರ.

ಅದೇ 2003ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ಕಿನ ತಂಡವೊಂದು ಆಸೆ ಹುಟ್ಟಿಸುವ ಫಲಿತಾಂಶವನ್ನು ಪ್ರಕಟಿಸಿತು. ಮೊದಲ ಆಘಾತವಾದ 103 ರೋಗಿಗಳ ರಕ್ತದಲ್ಲಿ ಮಯಲಿನ್ನಿನ ಎರಡು ಪ್ರೊಟೀನುಗಳ ವಿರುದ್ಧದ ಪ್ರತಿಕಾಯಗಳನ್ನು ಹುಡುಕಿದರು. ಎರಡೂ ಇದ್ದ 22 ಜನರಲ್ಲಿ 21 ಜನರಿಗೆ ರೋಗ ಮರುಕಳಿಸಿತು. ಎರಡೂ ಇಲ್ಲದ 39 ಜನರಲ್ಲಿ 9 ಜನರಿಗೆ ಮಾತ್ರ. ಒಂದು ತೊಟ್ಟು ರಕ್ತದಿಂದ ಭವಿಷ್ಯ ತಿಳಿಯುವಂತಾಯಿತೆಂದು ಜಗತ್ತು ಹಿಗ್ಗಿತು. 2007ರಲ್ಲಿ, ಅದೇ ಪತ್ರಿಕೆಯಲ್ಲಿ, 462 ರೋಗಿಗಳ ಮೇಲೆ ಮಾಡಿದ ದೊಡ್ಡ ಅಧ್ಯಯನ ಬಂತು. ಪ್ರತಿಕಾಯಕ್ಕೂ ರೋಗ ಮುಂದುವರಿಯುವುದಕ್ಕೂ ಸಂಬಂಧವೇ ಕಾಣಲಿಲ್ಲ. 2012ರಲ್ಲಿ ಮ್ಯೂನಿಚ್ಚಿನಿಂದ ಇನ್ನೊಂದು ಪ್ರತಿಕಾಯದ ಸುದ್ದಿ: ಎಂ.ಎಸ್. ಇದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇದೆ, ಇತರರಲ್ಲಿ ಬಹುಮಟ್ಟಿಗೆ ಇಲ್ಲ ಎಂದು. 2014ರಲ್ಲಿ ಅಮೇರಿಕದ ಮೇಯೋ ಚಿಕಿತ್ಸಾಲಯದವರು ಹುಡುಕಿದಾಗ ಆ ವ್ಯತ್ಯಾಸ ಅಲ್ಲಿ ಕಾಣಲೇ ಇಲ್ಲ. ಇವರು ಯಾರೂ ವಂಚಕರಲ್ಲ. ಸಣ್ಣ ಗುಂಪು, ಸೂಕ್ಷ್ಮವಾದ ವಿಧಾನ, ಒಂದೇ ಕೈಯ ಕೆಲಸ, ಇಷ್ಟು ಸಾಕು ಸತ್ಯ ಜಾರಿಹೋಗುವುದಕ್ಕೆ.

2003ರ ಪರೀಕ್ಷೆ ಎಡವಿದ ಬಗೆಯನ್ನು ಇಳಕಲ್ಲಿನ ಸೀರೆಯ ಉದಾಹರಣೆಯಿಂದ ತಿಳಿಯಬಹುದು. ಇಳಕಲ್ಲ ಸೀರೆಯಲ್ಲಿ ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಬಲ್ಲವರು ಆ ಕೊಂಡಿಯನ್ನು ನೋಡಿಯೇ ಸೀರೆಯನ್ನು ಗುರುತಿಸುತ್ತಾರೆ. ಸೀರೆಯನ್ನೆಲ್ಲ ಬಿಚ್ಚಿ ನೂಲಿನ ರಾಶಿ ಮಾಡಿ ಮುಂದಿಟ್ಟು, ‘ಇದು ಎಲ್ಲಿಯ ಸೀರೆ, ಹೇಳು’ ಎಂದರೆ ಅವರೇನು ಹೇಳಿಯಾರು? ಪ್ರೊಟೀನೂ ಹಾಗೆ, ಮಡಿಕೆ ಮಡಿಕೆಯಾಗಿ ಸುತ್ತಿಕೊಂಡ ಆಕಾರದಲ್ಲಿಯೇ ಅದರ ಗುರುತಿದೆ. ಆ ಪರೀಕ್ಷೆಯ ವಿಧಾನ ಪ್ರೊಟೀನಿನ ಮಡಿಕೆಗಳನ್ನು ಬಿಚ್ಚಿಹಾಕುತ್ತಿತ್ತು. ಮುಂದೆ ಪ್ರೊಟೀನನ್ನು ಜೀವಕೋಶದ ಮೇಲೆ ಅದರ ಸಹಜ ಆಕಾರದಲ್ಲಿಯೇ ಇಟ್ಟು ಪರೀಕ್ಷಿಸಿದಾಗ, ಆ ಎರಡರಲ್ಲಿ ಒಂದಾದ ‘ಮಾಗ್’ ಪ್ರೊಟೀನಿನ ಪ್ರತಿಕಾಯ ಎಂ.ಎಸ್. ಗುರುತೇ ಅಲ್ಲ, ಬೇರೆಯೇ ಒಂದು ರೋಗದ ಗುರುತು ಎಂದು ತಿಳಿಯಿತು. 2023ರಲ್ಲಿ ಆ ರೋಗಕ್ಕೆ ಪ್ರತ್ಯೇಕ ನಿಯಮಗಳೇ ಬಂದವು. ಪ್ರತಿಕಾಯದ ಪ್ರಮಾಣ ಕಡಿಮೆ ಇದ್ದರೆ ಅದೊಂದನ್ನೇ ನಂಬಬಾರದು, ರೋಗದ ಇತರ ಲಕ್ಷಣಗಳೂ ಬೇಕು ಎಂದು ಆ ನಿಯಮಗಳಲ್ಲಿಯೇ ಬರೆದಿದೆ.

ಇನ್ನು ನಮ್ಮ ನಾಡಿಗೆ ಬರೋಣ. ಎಂ.ಎಸ್. ಶೀತದೇಶದ ರೋಗ, ನಮ್ಮಲ್ಲಿ ಇಲ್ಲವೆಂಬಷ್ಟು ವಿರಳ ಎಂಬುದು ಹಿಂದಿನ ನಂಬಿಕೆ. 1980ರ ದಶಕದ ಕೊನೆಯಲ್ಲಿ ಮುಂಬಯಿಯ ಪಾರಸಿಗಳಲ್ಲಿ ಲಕ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ ರೋಗಿಗಳಿರುವುದು ಎಣಿಕೆಯಿಂದ ತಿಳಿಯಿತು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆದ ಮೇಲೆ ನರರೋಗಗಳ ಅಧ್ಯಯನಕ್ಕೆ ಕರ್ನಾಟಕದಲ್ಲಿ ಗಟ್ಟಿಯಾದ ನೆಲೆ ದೊರೆಯಿತು. ಮಂಗಳೂರಿನ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮಯಲಿನ್ ಕೆಡುವ ರೋಗಗಳ ಒಂದು ನೋಂದಣಿಯನ್ನು ಕಟ್ಟಿದರು. 2014ರಲ್ಲಿ ಅವರು ಪ್ರಕಟಿಸಿದ ಎಣಿಕೆಯಂತೆ ಮಂಗಳೂರು ನಗರದಲ್ಲಿ ಲಕ್ಷಕ್ಕೆ 8ಕ್ಕಿಂತ ತುಸು ಹೆಚ್ಚು ಜನರಿಗೆ ಎಂ.ಎಸ್.; ಇನ್ನು ಎರಡು ಮೂರು ಜನರಿಗೆ ‘ನ್ಯೂರೋಮಯಲೈಟಿಸ್ ಆಪ್ಟಿಕಾ’ ಎಂಬ ಇನ್ನೊಂದು ರೋಗ.

ಈ ಎರಡನೆಯ ರೋಗದಲ್ಲಿಯೇ ನಮ್ಮ ಪಾಲಿನ ಮುಖ್ಯ ಸಂಗತಿ ಇದೆ. ಇದು ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಿಡಿಯುತ್ತದೆ. ಫ್ರಾನ್ಸಿನ ದೆವಿಕ್ 1894ರಲ್ಲಿ ಇದನ್ನು ವರ್ಣಿಸಿದನು. ಆದರೂ ಬಹಳ ಕಾಲ ಇದನ್ನು ಎಂ.ಎಸ್.ನ ಒಂದು ಬಗೆ ಎಂದೇ ಅನೇಕರು ಎಣಿಸಿದರು. 2004ರಲ್ಲಿ ಮೇಯೋ ಚಿಕಿತ್ಸಾಲಯದ ವಂಡಾ ಲೆನನ್ ಮತ್ತು ಸಂಗಡಿಗರು ಈ ರೋಗಕ್ಕೆ ವಿಶಿಷ್ಟವಾದ ಪ್ರತಿಕಾಯವನ್ನು ಕಂಡರು. ಆ ಮೊದಲ ಪರೀಕ್ಷೆ ರೋಗವಿದ್ದ ನೂರರಲ್ಲಿ 73 ಜನರನ್ನು ಹಿಡಿಯಿತು. ಇಲ್ಲದ ನೂರರಲ್ಲಿ 91 ಜನರನ್ನು ಬಿಟ್ಟಿತು. ಮರುವರ್ಷ ಆ ಪ್ರತಿಕಾಯದ ಗುರಿ ‘ಅಕ್ವಾಪೋರಿನ್-4’ ಎಂಬ ಪ್ರೊಟೀನೆಂದು ತಿಳಿಯಿತು. ಈ ಶೋಧ ಮಾತ್ರ ಊರೂರುಗಳಲ್ಲಿ, ದೇಶದೇಶಗಳಲ್ಲಿ, ಮಂಗಳೂರಿನಲ್ಲಿಯೂ, ಒರೆಗೆ ನಿಂತಿತು. 2015ರ ಅಂತರರಾಷ್ಟ್ರೀಯ ನಿಯಮಗಳು, ಸಾಧ್ಯವಿದ್ದಲ್ಲಿ ಜೀವಕೋಶದ ಮೇಲೆ ಮಾಡುವ ಪರೀಕ್ಷೆಯನ್ನೇ ಬಳಸಬೇಕೆಂದು ಹೇಳಿದವು. ಏಕೆಂದರೆ ಬೇರೆ ಸುಲಭ ವಿಧಾನಗಳಲ್ಲಿ ಸುಳ್ಳು ಉತ್ತರ ಹೆಚ್ಚು.

ಹೆಸರು ಯಾವುದಾದರೇನು ಎನ್ನುವಂತಿಲ್ಲ. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಮೊದಲಾದ ಕೆಲವು ಔಷಧಗಳು ನ್ಯೂರೋಮಯಲೈಟಿಸ್ ಇದ್ದವರ ರೋಗವನ್ನು ಹೆಚ್ಚಿಸಬಲ್ಲವು. ಒಂದು ಆಘಾತಕ್ಕೇ ಕಣ್ಣು ಶಾಶ್ವತವಾಗಿ ಹೋಗಬಹುದಾದ ರೋಗ ಅದು. ಒಂದು ಚೀಟಿಯ ಮೇಲಿನ ಒಂದು ಶಬ್ದ ತಪ್ಪಾದರೆ ಒಬ್ಬ ಗೃಹಿಣಿ ಕುರುಡಿಯಾಗಬಹುದು. ಪರೀಕ್ಷೆಯ ನಂಬಿಕೆ ಎಂಬುದು ಪಂಡಿತರ ಚರ್ಚೆಯಲ್ಲ, ಮನೆಯ ದೀಪದ ಪ್ರಶ್ನೆ ಎನ್ನುವುದು ಇದಕ್ಕೇ.

ಬೇರೆ ದೇಶದಲ್ಲಿ ಅಳೆದ ಅಳತೆ ನಮ್ಮಲ್ಲಿ ಹಾಗೆಯೇ ಹೊಂದದಿರಬಹುದು ಎಂಬುದೂ ಗಮನಾರ್ಹ. ಬೆನ್ನುಹುರಿಯ ನೀರಿನಲ್ಲಿ ಪ್ರತಿಕಾಯಗಳು ಪಟ್ಟಿಪಟ್ಟಿಯಾಗಿ ಕಾಣುವ ಪರೀಕ್ಷೆ ಎಂ.ಎಸ್.ಗೆ ಹಳೆಯ ಆಧಾರ. 2013ರಲ್ಲಿ ಜಗತ್ತಿನ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ನೂರರಲ್ಲಿ ಸುಮಾರು 88 ರೋಗಿಗಳಲ್ಲಿ ಪಟ್ಟಿಗಳು ಕಂಡವು. ಆದರೆ ಸಮಭಾಜಕ ವೃತ್ತದ ಕಡೆಗೆ ಬಂದಂತೆ ಆ ಪ್ರಮಾಣ ಇಳಿಯುತ್ತಿತ್ತು. ಅಂದಮೇಲೆ ನಮ್ಮ ರೋಗಿಯಲ್ಲಿ ಪಟ್ಟಿ ಕಾಣಲಿಲ್ಲವೆಂದು ರೋಗವಿಲ್ಲವೆಂದು ಸಾರಿಬಿಡುವಂತಿಲ್ಲ.

ರೋಗದ ವೇಷ ಹಾಕುವ ಇತರ ರೋಗಗಳೂ ಊರಿಂದ ಊರಿಗೆ ಬೇರೆ. ನಮ್ಮ ಕಡೆ ಕ್ಷಯ ಮಿದುಳಿಗೂ ಬೆನ್ನಿಗೂ ಏರುವುದುಂಟು. ಬಿ-12 ಜೀವಸತ್ವದ ಕೊರತೆಯಿಂದ ಕಾಲು ಜೋಮು ಹಿಡಿಯುವುದುಂಟು. ಕುರಿ, ಆಡು, ದನಗಳಿಂದ ಬರುವ ಬ್ರುಸೆಲ್ಲಾ ಜ್ವರವೂ ಕೆಲವರ ನರಮಂಡಲವನ್ನು ಹಿಡಿದು ಎಂ.ಎಸ್.ನಂತೆ ಕಾಣಿಸಿಕೊಳ್ಳುತ್ತದೆ. 1997ರವರೆಗೆ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ವಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ಆ ವಿಜಾಪುರದ ವೈದ್ಯರು ಬ್ರುಸೆಲ್ಲಾದ ಬಗೆಗೆ ತಮ್ಮ 16 ವರ್ಷಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿ, ಅದು ಎಷ್ಟು ವೇಷಗಳಲ್ಲಿ ಬರುತ್ತದೆ, ಗುರುತಿಸುವುದು ಎಷ್ಟು ಕಠಿಣ ಎಂಬುದನ್ನು ಜಗತ್ತಿಗೆ ತಿಳಿಸಿದರು. ಲಂಡನ್ನಿನ ವೈದ್ಯನಿಗೆ ಹೊಳೆಯದ ‘ಮನೆಯಲ್ಲಿ ಕುರಿಗಳಿವೆಯೇ? ಹಸಿ ಹಾಲು ಕುಡಿಯುತ್ತೀರಾ?’ ಎಂಬ ಪ್ರಶ್ನೆ ಇಲ್ಲಿಯ ವೈದ್ಯನಿಗೆ ಹೊಳೆಯಬೇಕು. ಅದೂ ಒಂದು ಪರೀಕ್ಷೆಯೇ, ಬೆಲೆಯಿಲ್ಲದೆ ಸಿಗುವ ಪರೀಕ್ಷೆ.

ಈಗ ಎಲ್ಲರೂ ನಂಬುವುದು ಎಂ.ಆರ್.ಐ. ಚಿತ್ರವನ್ನು. 1981ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಎಂ.ಎಸ್. ರೋಗಿಗಳ ಮಿದುಳಿನ ಕಲೆಗಳು ಈ ಯಂತ್ರದಲ್ಲಿ ನಿಚ್ಚಳವಾಗಿ ಕಂಡವು. 2001ರಲ್ಲಿ ಇಯಾನ್ ಮೆಕ್‌ಡೊನಾಲ್ಡ್ ಅವರ ಹೆಸರಿನ ನಿಯಮಗಳು ಈ ಚಿತ್ರಕ್ಕೆ ರೋಗನಿರ್ಣಯದಲ್ಲಿ ಪ್ರಮುಖ ಸ್ಥಾನ ಕೊಟ್ಟವು. 2005, 2010, 2017, 2024ರಲ್ಲಿ ಅವು ಪರಿಷ್ಕೃತವಾದವು. ಆದರೆ ಬಿಳಿ ಕಲೆಗಳು ಅರೆತಲೆನೋವಿನವರಲ್ಲಿ, ರಕ್ತದೊತ್ತಡವಿದ್ದವರಲ್ಲಿ, ವಯಸ್ಸಾದವರಲ್ಲಿಯೂ ಕಾಣುತ್ತವೆ. 2016ರಲ್ಲಿ ಅಮೇರಿಕದ ನಾಲ್ಕು ಕೇಂದ್ರಗಳು, ಎಂ.ಎಸ್. ಎಂದು ತಪ್ಪಾಗಿ ಹೇಳಿಸಿಕೊಂಡ 110 ಜನರ ವಿವರವನ್ನು ಪ್ರಕಟಿಸಿದವು. ಅವರಲ್ಲಿ ಮೂರರಲ್ಲಿ ಒಂದು ಪಾಲು ಜನ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಆ ತಪ್ಪು ಹೆಸರನ್ನು ಹೊತ್ತಿದ್ದರು. ನೂರಕ್ಕೆ ಎಪ್ಪತ್ತು ಜನ ಬೇಡದ ಔಷಧ ತೆಗೆದುಕೊಂಡಿದ್ದರು. ಯಂತ್ರ ತಪ್ಪಲಿಲ್ಲ; ಅದು ಕಲೆಯನ್ನು ತೋರಿಸಿತು. ಕಲೆಯ ಅರ್ಥವನ್ನು ಓದುವಲ್ಲಿ ಮನುಷ್ಯ ತಪ್ಪಿದನು. ಇತ್ತೀಚಿನ ಪರಿಷ್ಕರಣೆ ಕಲೆಯ ನಡುವೆ ಸಾಗುವ ಸಣ್ಣ ರಕ್ತನಾಳ, ಕಲೆಯ ಸುತ್ತಲಿನ ಅಂಚು ಇಂಥ ಸೂಕ್ಷ್ಮ ಗುರುತುಗಳನ್ನೂ ಗಣನೆಗೆ ತಂದಿದೆ. ಆದರೂ ಮೂಲ ಸೂತ್ರ ಬದಲಾಗಿಲ್ಲ: ರೋಗಿಯ ಕಥೆ, ವೈದ್ಯರ ಕೈಪರೀಕ್ಷೆ, ಚಿತ್ರ, ಪ್ರಯೋಗಾಲಯ ಇವೆಲ್ಲ ಒಂದಕ್ಕೊಂದು ಹೊಂದಬೇಕು, ಬೇರೆ ರೋಗಗಳು ಇಲ್ಲವೆಂಬುದು ಖಚಿತವಾಗಬೇಕು.

ಮನೆಯವರು ಮಾಡಬೇಕಾದದ್ದು ಇಷ್ಟು. ಬಾಗಲಕೋಟೆ, ವಿಜಾಪುರ, ಹುಬ್ಬಳ್ಳಿ, ಬೆಂಗಳೂರು ಎಲ್ಲಿಯೇ ತೋರಿಸಿದರೂ ಹಳೆಯ ಫಿಲ್ಮುಗಳನ್ನೂ ಮೂಲ ವರದಿಗಳನ್ನೂ ಒಂದು ಚೀಲದಲ್ಲಿ ಜೋಪಾನವಾಗಿಡಬೇಕು. ಎರಡು ವರ್ಷದ ಹಿಂದಿನ ಚಿತ್ರ ಇಂದಿನ ಚಿತ್ರದಷ್ಟೇ ಬೆಲೆಯುಳ್ಳದ್ದು. ಕಣ್ಣು ಯಾವ ತಿಂಗಳು ಮಂಜಾಯಿತು, ಎಷ್ಟು ದಿನ ಇತ್ತು ಎಂಬುದನ್ನು ಬರೆದಿಡಬೇಕು. ರಕ್ತದಲ್ಲಿ ಪ್ರತಿಕಾಯ ಇದೆ ಅಥವಾ ಇಲ್ಲ ಎಂದರೆ, ಯಾವ ವಿಧಾನದಿಂದ ನೋಡಿದರು, ಮತ್ತೊಮ್ಮೆ ನೋಡಬೇಕೇ ಎಂದು ವಿನಯದಿಂದ ಕೇಳಬಹುದು. ಇದನ್ನು ಅಪನಂಬಿಕೆ ಎಂದು ಒಳ್ಳೆಯ ವೈದ್ಯರು ಎಣಿಸುವುದಿಲ್ಲ. ಮರುಪರೀಕ್ಷೆ ಅವರ ಶಾಸ್ತ್ರದ ಧರ್ಮವೇ. ಆದರೆ ಸಂಶಯ ಬಂತೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಅಪಾಯ.

ಶಾರ್ಕೊವಿನ ಹೆಸರನ್ನು ಜಗತ್ತು ನೆನೆಯುತ್ತದೆ. ಲೆನನ್ ಅವರ ಶೋಧವನ್ನು ಕೊಂಡಾಡುತ್ತದೆ. ‘ನಾನು ಮಾಡಿ ನೋಡಿದೆ, ಸಿಗಲಿಲ್ಲ’ ಎಂದು ಹೇಳಿದ ಕಾರ್‌ಮೈಕೇಲನನ್ನು, 2007ರಲ್ಲಿ ‘ಸಂಬಂಧವಿಲ್ಲ’ ಎಂದು ಬರೆದವರನ್ನು ನೆನೆಯುವವರು ಕಡಿಮೆ. ಅವರು ಯಾವ ರೋಗವನ್ನೂ ಕಂಡುಹಿಡಿಯಲಿಲ್ಲ, ಯಾವ ಮದ್ದನ್ನೂ ಕೊಡಲಿಲ್ಲ. ಇಲ್ಲದ ರೋಗದ ಹೆಸರನ್ನು ಹೊತ್ತು ಬದುಕಬೇಕಾಗಿದ್ದ ಎಷ್ಟೋ ಜನರ ಹೆಗಲಿನಿಂದ ಆ ಹೊರೆಯನ್ನು ಇಳಿಸಿದರು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅದು ಸಣ್ಣ ಉಪಕಾರವಲ್ಲ.